ಒಡಪು ಎಲ್ಲಿ?

ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ವರು ಬೇಲೂರಿಗೆ ಹೋಗಿದ್ವಿ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನ, 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ದು, ಎಲ್ಲಾ ಮೊದಲೇ ಗೂಗಲ್ ಮಾಡಿಕೊಂಡಿದ್ವಿ. ಶಿಲಾಬಾಲಿಕೆಯರು, ಅವರ ಪಕ್ಕದ ಪುಟ್ಟ ಪುಟ್ಟ ವಾದ್ಯಗಾರರು, ಫೋನ್ ತುಂಬಾ ಫೋಟೋ. ಆದರೆ ಅವತ್ತಿನ ನಿಜವಾದ ಪಾಠ ನಡೆದಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ.

ಅಲ್ಲಿ ಒಬ್ಬರು ಹಿರಿಯರು ಅರಸೀಕೆರೆ ಬಸ್ಸಿಗೆ ಕಾಯ್ತಾ ಕೂತಿದ್ರು. ಪಕ್ಕದಲ್ಲಿ ತಗಡಿನ ಟ್ರಂಕು, ಅದರ ಮೇಲೆ ಬಟ್ಟೆ ಸುತ್ತಿದ ಕತ್ತಿ. ವೀರಗಾಸೆ ಕಲಾವಿದರಂತೆ. ನಾವು ಖುಷಿಯಿಂದ ನಮ್ಮ ಕಾಲೇಜ್ ಫೆಸ್ಟ್‌ನ ವೀರಗಾಸೆ ರೀಲ್ ತೋರಿಸಿದ್ವಿ. ಹಿಂದೆ ಸಿನಿಮಾ ಹಾಡು ಹಾಕಿದ್ವಿ. ಅವರು ಪೂರ್ತಿ ನೋಡಿ, "ಕುಣಿತ ಚೆನ್ನಾಗೈತೆ. ಒಡಪು ಎಲ್ಲಿ?" ಅಂದ್ರು.

ನಾವು ಮುಖ ಮುಖ ನೋಡ್ಕೊಂಡ್ವಿ. ನಮ್ಮಲ್ಲಿ ಹುಬ್ಬಳ್ಳಿ ಹುಡುಗಿಗೆ ಮಾತ್ರ ಆ ಪದ ಗೊತ್ತಿತ್ತು. ಅದೂ ಮದುವೆಮನೆಯಲ್ಲಿ ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳೋ ಒಡಪು.

ವೀರಗಾಸೆಯ ಒಡಪು ಬೇರೆ. ಈ ಕುಣಿತದ ಹಿಂದೆ ದಕ್ಷಯಜ್ಞದ ಕಥೆ ಇದೆ. ದಕ್ಷ ಯಜ್ಞ ಮಾಡ್ತಾನೆ, ಅಳಿಯ ಶಿವನನ್ನೇ ಕರೆಯೋದಿಲ್ಲ. ಕರೆಯದಿದ್ದರೂ ತವರಿಗೆ ಹೋದ ದಾಕ್ಷಾಯಿಣಿ ಅವಮಾನ ತಾಳದೆ ಬೆಂಕಿಗೆ ಬೀಳ್ತಾಳೆ. ಆಗ ಶಿವನ ಕೋಪದಿಂದ ಹುಟ್ಟಿದ ವೀರಭದ್ರ ಯಜ್ಞ ಧ್ವಂಸ ಮಾಡಿ ದಕ್ಷನ ತಲೆ ಕಡಿಯುತ್ತಾನೆ. ಕಲಾವಿದರ ಕೈಯ ಕತ್ತಿ, ಕೊರಳ ರುದ್ರಾಕ್ಷಿ, ಹಣೆಯ ವಿಭೂತಿ ಎಲ್ಲಾ ಆ ವೀರಭದ್ರನ ವೇಷ. ಕುಣಿತ ನಡುವೆ ನಿಲ್ಲುತ್ತೆ, ವಾದ್ಯ ತಗ್ಗುತ್ತೆ, ಒಬ್ಬರು ಏರುದನಿಯಲ್ಲಿ ಕಥೆಯ ಒಂದು ತುಂಡು ಹೇಳ್ತಾರೆ. ಅದೇ ಒಡಪು. ಅದು ಮುಗಿದ ಕೂಡಲೇ ಕರಡೆ, ತಾಳ ಮತ್ತೆ ಜೋರಾಗುತ್ತೆ. ಅಂದ್ರೆ ಕುಣಿತದ ಆವೇಶಕ್ಕೆ ಕಾರಣ ಆ ಮಾತು. ನಾವು ಮ್ಯೂಟ್ ಮಾಡಿದ್ದು ಅದನ್ನೇ!

"ಕುಣಿಯೋ ಹುಡುಗರು ಈಗ್ಲೂ ಸಿಕ್ತಾರೆ ಕಣ್ರಪ್ಪ. ಒಡಪು ಹೇಳೋರು ನಮ್ಮ ತಂಡದಲ್ಲಿ ನಾನೊಬ್ನೇ ಉಳಿದಿರೋದು" ಅಂದ್ರು. ಯಾಕೆ ಅಂತ ಕೇಳಿದ್ವಿ. ಹೆಜ್ಜೆ ಒಂದು ತಿಂಗಳಲ್ಲಿ ಬರುತ್ತಂತೆ, ಒಡಪು ಬಾಯಿಗೆ ಬರೋಕೆ ವರ್ಷಗಟ್ಟಲೆ ಬೇಕಂತೆ. ಸ್ಟೇಜ್ ಮೇಲೆ ಸಿಗೋದು ಹತ್ತು ನಿಮಿಷ. ಅಷ್ಟರಲ್ಲಿ ಮೊದಲು ಕತ್ತರಿ ಬೀಳೋದು ಮಾತಿಗೆ.

"ತಾತ, ಒಂದು ಹೇಳ್ತೀರಾ?" ಅಂದ್ವಿ. ಟೀ ಲೋಟ ಕೆಳಗಿಟ್ಟು ಹೇಳಿದ್ರು. ಅಂಗಡಿಯವರು ಒಲೆ ಸಣ್ಣ ಮಾಡಿ ಕೇಳ್ತಾ ನಿಂತ್ರು. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಮಗೆ ಅರ್ಧ ಪದ ಅರ್ಥ ಆಗ್ಲಿಲ್ಲ. ನಮ್ಮದೇ ಭಾಷೆ, ನಮಗೇ ಸಬ್‌ಟೈಟಲ್ ಬೇಕಾಯ್ತು. ಬಸ್ ಬರೋವರೆಗೂ ಒಂದೊಂದೇ ಪದ ಬಿಡಿಸಿ ಹೇಳಿದ್ರು.

ಅವತ್ತು ರಾತ್ರಿಯೇ ಆ ರೀಲ್ ತೆಗೆದು, ಮೂಲ ಧ್ವನಿ ಇದ್ದ ವಿಡಿಯೋ ಹಾಕಿದ್ವಿ. ಲೈಕ್ಸ್ ಕಡಿಮೆ ಬಂತು, ಪರವಾಗಿಲ್ಲ. ಈ ಸಲದ ಫೆಸ್ಟ್‌ಗೆ ಅರ್ಧ ಗಂಟೆ ಕೇಳಿದ್ದೀವಿ. ಮೊದಲ ಮೈಕ್ ಒಡಪು ಹೇಳೋರಿಗೆ. ನೀವೂ ಬನ್ನಿ, ಕುಣಿತ ನಿಂತಾಗ ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಕಥೆ ಶುರುವಾಗೋದೇ ಆಗ.