ಗುಡ್ಡವೂ ಬೇಕು, ನೀರೂ ಬೇಕು: ಟೆಂಟ್ ಎಲ್ಲಿ ಹಾಕೋಣ?

ಮನೂರು, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಕಡೆಯ ಕನ್ನಡದ ಮನೆಗಳಿಗೆ ಬುತ್ತಿ ಕಟ್ಟಿಕೊಂಡು ಬಯಲಿಗೆ ಹೋಗುವುದು ಹೊಸದೇನಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು, ಅಂಬಲಿ ಕುಡಿದು ಹೊತ್ತು ಮುಳುಗುವುದರೊಳಗೆ ಮನೆ ಸೇರುತ್ತೇವೆ. ಹೊಸದೆಂದರೆ ಅಲ್ಲೇ ರಾತ್ರಿ ಉಳಿಯುವುದು. ಹೈದರಾಬಾದಿನ ಹುಡುಗರು ಶನಿವಾರ ಬಂತೆಂದರೆ ಬೆನ್ನಿಗೆ ಟೆಂಟ್ ಏರಿಸಿಕೊಂಡು ಗೊಟ್ಟಂಗೊಟ್ಟಕ್ಕೆ, ಅನಂತಗಿರಿಗೆ, ಸಿಂಗೂರಿನ ಹಿನ್ನೀರಿಗೆ ಹೊರಡುವುದನ್ನು ನೋಡಿ ನಮ್ಮ ಹುಡುಗರಿಗೂ ಆಸೆ ಹುಟ್ಟಿದೆ. ಆಸೆ ತಪ್ಪಲ್ಲ. ಆದರೆ ಜಾಗ ಆರಿಸುವಾಗ ನಂಬುವ ಮಾತುಗಳೆಲ್ಲ ಹಗಲಿನ ಅನುಭವದಿಂದ ಹುಟ್ಟಿದವು. ಕೂತು ಉಣ್ಣಲು ಚಲೋ ಇರುವ ಜಾಗ ಮಲಗಲೂ ಚಲೋ ಎಂಬುದು ಮೂಲ ತಪ್ಪು; ಉಳಿದ ತಪ್ಪುಗಳೆಲ್ಲ ಅದರ ಮಕ್ಕಳು.

"ನೀರಿನ ದಂಡಿಗೆ ಎಷ್ಟು ಸಮೀಪವೋ ಅಷ್ಟು ಚಲೋ"

ಬೇರೆ ಯಾರು ನಂಬಿದರೂ ಮನೂರಿನವರು ಇದನ್ನು ನಂಬಬಾರದು. ಮಂಜೀರಾ ಹೊಳೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಸಾಲಿನಲ್ಲಿ ಹುಟ್ಟಿ, ಲಾತೂರು ಮತ್ತು ಬೀದರ್ ಜಿಲ್ಲೆಗಳ ನೀರನ್ನೆಲ್ಲ ಕೂಡಿಸಿಕೊಂಡು ನಮ್ಮ ಸೀಮೆಗೆ ಬರುತ್ತದೆ. ಮುಂದೆ ಸಿಂಗೂರಿನಲ್ಲಿ ಅದಕ್ಕೆ ಅಣೆಕಟ್ಟೆ. 1989ರಲ್ಲಿ ಮುಗಿದದ್ದು, ತುಂಬಿದರೆ ಸುಮಾರು 30 ಟಿಎಂಸಿ ನೀರು. ಅದರ ಹಿನ್ನೀರು ಮನೂರು, ರಾಯಿಕೋಡು, ನ್ಯಾಲಕಲ್ ಕಡೆಯ ಹೊಲಗಳ ಬದುವಿನವರೆಗೂ ಬಂದು ನಿಲ್ಲುತ್ತದೆ. ನೀರು ಇಳಿದಾಗ ಬಯಲಾಗುವ ಅಂಗಳದಲ್ಲಿ ಹಸಿರು ಹುಲ್ಲು, ಸಮತಟ್ಟಾದ ನೆಲ, ಎದುರಿಗೆ ನೀರು, ಮೇಲೆ ಹಕ್ಕಿಗಳು. ಚಿತ್ರ ತೆಗೆಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಆದರೆ ಅದು ದಂಡೆಯಲ್ಲ, ಜಲಾಶಯದ ಒಳಭಾಗ. ನೀರು ಅಲ್ಲಿಂದ ಕೆಲವು ತಿಂಗಳ ಮಟ್ಟಿಗೆ ಎದ್ದು ಹೋಗಿದೆ, ಅಷ್ಟೆ.

ಅದು ಎಷ್ಟು ಬೇಗ ಮರಳುತ್ತದೆ ಎಂಬುದಕ್ಕೆ 2016ರ ನೆನಪು ಸಾಕು. ಆ ಏಪ್ರಿಲ್‌ನಲ್ಲಿ ಇದೇ ಮಂಜೀರಾ ಸೀಮೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. ಸಿಂಗೂರು ಬತ್ತಿ ತಳ ಕಂಡಿತ್ತು. ಅದೇ ವರ್ಷ ಸೆಪ್ಟೆಂಬರ್ ಮುಗಿಯುವುದರೊಳಗೆ ಜಲಾಶಯ ತುಂಬಿ ಗೇಟು ಎತ್ತಿದರು. ಮಳೆ ಸುರಿಯುವುದು ಬೀದರಿನ ಆಚೆ, ನೀರು ಏರುವುದು ಇಲ್ಲಿ. ನಿಮ್ಮ ತಲೆಯ ಮೇಲೆ ಚುಕ್ಕಿ ಮಿನುಗುತ್ತಿದ್ದರೂ ಹೊಳೆಗೆ ಅದರ ಲೆಕ್ಕವಿಲ್ಲ.

ಇನ್ನೊಂದು ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಹಿನ್ನೀರಿನ ನೆಲ ಬಹಳ ಸೌಮ್ಯವಾಗಿ ಇಳಿಯುತ್ತದೆ. ನೂರು ಮೀಟರ್‌ಗೆ ಒಂದು ಮೀಟರ್ ಇಳಿಜಾರು ಎಂದು ಹಿಡಿಯಿರಿ. ಜಲಾಶಯದ ಮಟ್ಟ ಒಂದೇ ಮೀಟರ್ ಏರಿದರೂ ನೀರಿನ ಅಂಚು ನೂರು ಮೀಟರ್ ನಿಮ್ಮ ಕಡೆಗೆ ನಡೆದು ಬರುತ್ತದೆ. ಅಲೆ ಇಲ್ಲ, ಸದ್ದಿಲ್ಲ. ಹೊರದೇಶದ ಕ್ಯಾಂಪಿಂಗ್ ಕೈಪಿಡಿಗಳು ನೀರಿನಿಂದ 200 ಅಡಿ ದೂರ ಇರಿ ಎನ್ನುತ್ತವೆ. ಆ ಸೂತ್ರ ಹುಟ್ಟಿದ್ದು ನಮ್ಮ ಕೊಳೆ ನೀರಿಗೆ ಸೇರದಿರಲೆಂದು; ಜಲಾಶಯದ ಏರಿಳಿತಕ್ಕೆ ಅದು ಉತ್ತರವಲ್ಲ. ಇಲ್ಲಿ ಅಡಿ ಅಳೆಯುವ ಬದಲು ಗುರುತು ಹುಡುಕಬೇಕು. ಜಾಲಿ ಪೊದೆಗಳಲ್ಲಿ ಸಿಕ್ಕಿಕೊಂಡ ಒಣ ಕಸ, ಬಂಡೆಯ ಮೇಲಿನ ಬಿಳಿ ಗೆರೆ, ಹಳೆಯ ಹೊಲದ ಬದು ಶುರುವಾಗುವ ಜಾಗ: ಇವು ತುಂಬಿದ ಕಾಲದ ನೀರಿನ ಎತ್ತರ ಹೇಳುತ್ತವೆ. ಅದಕ್ಕಿಂತ ಮೇಲಿನ ನೆಲವೇ ದಂಡೆ. ಅಣೆಕಟ್ಟೆಯ ಕೆಳಗಿನ ಮರಳಿನ ಮೇಲಂತೂ ಬೇಡವೇ ಬೇಡ. ಗೇಟು ಎತ್ತುವ ಹೊತ್ತನ್ನು ನಿಮ್ಮ ನಿದ್ದೆ ನೋಡಿ ಗೊತ್ತುಮಾಡುವುದಿಲ್ಲ.

"ಇಲ್ಲಿಯ ಮೊಸಳಿ ಏನೂ ಮಾಡಂಗಿಲ್ಲ ಬಿಡ್ರಿ"

ದಿನವೂ ದನ ಮೀಯಿಸುವವರು, ಬಲೆ ಬೀಸುವವರು ಆಡುವ ಈ ಮಾತಿನಲ್ಲಿ ಅರ್ಧ ನಿಜವಿದೆ. ಸಿಂಗೂರಿನಿಂದ ಕೆಳಗೆ ಮಂಜೀರಾ ಅಣೆಕಟ್ಟೆಯವರೆಗಿನ ಸುಮಾರು 36 ಕಿಲೋಮೀಟರ್ ಹೊಳೆಯನ್ನು 1978ರಲ್ಲಿ ವನ್ಯಜೀವಿ ಧಾಮ ಮಾಡಿದ್ದಾರೆ. ಅಲ್ಲಿನ ಮುಖ್ಯ ನಿವಾಸಿಯೇ ಜೌಗು ಮೊಸಳೆ. ಧಾಮದ ಗಡಿ ಮೊಸಳೆಗೆ ತಿಳಿಯದು, ಹಿನ್ನೀರಿನಲ್ಲೂ ಅದು ಇದೆ. ಮನುಷ್ಯ ನಿಂತು ನಡೆದಾಡುವಾಗ ಅದು ಸಾಮಾನ್ಯವಾಗಿ ನೀರಿಗೆ ಜಾರಿ ಮರೆಯಾಗುತ್ತದೆ, ನಿಜ. ಆದರೆ ಕತ್ತಲಲ್ಲಿ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯುವವನು ಅದರ ಕಣ್ಣಿಗೆ ಸಣ್ಣ ಪ್ರಾಣಿ. ಬೇಸಿಗೆಯ ಹೊತ್ತಿಗೆ ದಂಡೆಯ ಮರಳು ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟ ಹೆಣ್ಣು ಹತ್ತಿರದಲ್ಲೇ ಕಾವಲಿರುತ್ತದೆ. ಆಗ ಅದರ ಸ್ವಭಾವವೇ ಬೇರೆ. ಮೀನಿನ ಹೊಲಸು, ಮಾಂಸ ತೊಳೆದ ನೀರು ಅಂಚಿಗೆ ಚೆಲ್ಲುವುದೆಂದರೆ ಕರೆದು ಕೂರಿಸಿದಂತೆ. ಊರವರಿಗೆ ಎಲ್ಲಿ ಇಳಿಯಬೇಕು, ಎಲ್ಲಿ ಇಳಿಯಬಾರದು ಗೊತ್ತಿದೆ. ಅವರ ಧೈರ್ಯವನ್ನಷ್ಟೇ ಸಾಲ ತಂದು ಅವರ ತಿಳಿವಳಿಕೆಯನ್ನು ಅಲ್ಲೇ ಬಿಟ್ಟು ಬರುವುದು ಪೇಟೆಯವರ ಚಾಳಿ.

"ನೆಲ ಸಪಾಟಾಗಿದ್ದರ ಸಾಕು"

ಸಪಾಟು ಸಾಲದು, ಬಣ್ಣವನ್ನೂ ನೋಡಿ. ಮನೂರು, ನಾರಾಯಣಖೇಡದ ಕಡೆ ಹೆಚ್ಚಾಗಿ ಎರೆಭೂಮಿ. ಜೋಳ, ಕಡಲೆ, ತೊಗರಿಗೆ ಅದು ಬಂಗಾರ, ಟೆಂಟಿಗೆ ಶತ್ರು. ಒಣಗಿದಾಗ ಬಿರುಕು ಬಿಟ್ಟು ಗೂಟ ಹಿಡಿಯದು, ಬಿರುಕಿನೊಳಗೆ ಚೇಳು, ಹಾವು. ಹತ್ತು ನಿಮಿಷ ಮಳೆ ಬಿದ್ದರೆ ಕಾರಿನ ಗಾಲಿ ಹೂತು ಟ್ರ್ಯಾಕ್ಟರಿಗೆ ಫೋನ್ ಮಾಡಬೇಕಾಗುತ್ತದೆ. ಜಹೀರಾಬಾದ್, ಕೋಹೀರ್, ಬೀದರಿನ ಮೇಲ್ನೆಲ ಹಾಗಲ್ಲ. ಅದು ಜಂಬಿಟ್ಟಿಗೆಯ ಕೆಂಪು ಮಡ್ಡಿ. ಸೂಕ್ಷ್ಮ ರಂಧ್ರಗಳ ಕಲ್ಲು, ನೀರನ್ನು ಹಿಡಿದಿಡದೆ ಕೆಳಗೆ ಬಿಡುತ್ತದೆ. ಬೀದರಿನ ಸುರಂಗ ಕಾಲುವೆಗಳನ್ನು ಬಹಮನಿ ಕಾಲದಲ್ಲಿ ಕೊರೆಯಲು ಸಾಧ್ಯವಾದದ್ದೂ ಇದೇ ಕಲ್ಲಿನ ಗುಣದಿಂದ. ಮಳೆಯ ಮರುದಿನವೂ ಕಾಲಿಗೆ ಕೆಸರು ಅಂಟದ ಜಾಗ ಬೇಕಿದ್ದರೆ ಕೆಂಪು ನೆಲ ಹುಡುಕಿ.

"ಗುಡ್ಡದ ಮ್ಯಾಲ ತಂಪು, ಕೆಳಗ ಸೆಕಿ"

ಎತ್ತರಕ್ಕೆ ಹೋದಂತೆ ತಂಪು ಹೆಚ್ಚುವುದು ಸತ್ಯ. ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕೊಡೈಕೆನಾಲ್ ಎರಡು ಸಾವಿರ ಮೀಟರ್ ಮೇಲಿದೆ, ಅಲ್ಲಿ ಈ ಲೆಕ್ಕ ನಡೆಯುತ್ತದೆ. ನಮ್ಮ ಗುಡ್ಡಗಳು ಸುತ್ತಲ ಬಯಲಿಗಿಂತ ನೂರು, ನೂರೈವತ್ತು ಮೀಟರ್ ಎತ್ತರ. ಸಿಗುವ ತಂಪು ಒಂದು ಡಿಗ್ರಿ. ಜಹೀರಾಬಾದ್ ತಾನೇ ಸಮುದ್ರ ಮಟ್ಟದಿಂದ 600 ಮೀಟರ್‌ಗೂ ಹೆಚ್ಚು ಎತ್ತರದ ಪೀಠಭೂಮಿಯ ಮೇಲಿದೆ, ಹಾಗಾಗಿ ಗುಡ್ಡ ಹತ್ತಿದವರಿಗೆ ಹೊಸ ಹವೆಯೇನೂ ಕಾದಿರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗೊಟ್ಟಂಗೊಟ್ಟದ ಬಂಡೆ ಹಗಲಿಡೀ ಕಾದು ನಡುರಾತ್ರಿಯವರೆಗೂ ಬಿಸಿ ಉಗುಳುತ್ತದೆ.

ಚಳಿಗಾಲದಲ್ಲಿ ಮಾತು ತಿರುವುಮುರುವಾಗುತ್ತದೆ, ಇದನ್ನು ಕಂಡವರು ಕಡಿಮೆ. ಮೋಡವಿಲ್ಲದ, ಗಾಳಿಯಿಲ್ಲದ ಇರುಳಿನಲ್ಲಿ ನೆಲದ ಕಾವು ಆಕಾಶಕ್ಕೆ ಹೋಗಿಬಿಡುತ್ತದೆ. ತಣಿದ ಗಾಳಿ ಭಾರವಾಗಿ ಇಳಿಜಾರಿನಗುಂಟ ಜಾರಿ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಪೇರಲ ಹಣ್ಣಿಗೆ ಹೆಸರಾದ ಕೋಹೀರ್, ಡಿಸೆಂಬರ್ ಜನವರಿಯಲ್ಲಿ ತೆಲಂಗಾಣದ ಅತಿ ಕಡಿಮೆ ಉಷ್ಣಾಂಶದ ಊರುಗಳ ಪಟ್ಟಿಯಲ್ಲಿ ಪದೇಪದೇ ಕಾಣಿಸಿಕೊಳ್ಳುತ್ತದೆ, ಅದೂ ಯಾವ ಪರ್ವತದ ನೆರವಿಲ್ಲದೆ. ಆದ್ದರಿಂದ ಚಳಿಯಲ್ಲಿ ಕಣಿವೆಯ ತಳದಲ್ಲಿ ಟೆಂಟ್ ಹಾಕಿದವನು ನಡುಗುತ್ತಾನೆ, ಬೆಳಗಿಗೆ ಮಂಜು ಕುಡಿದ ಬಟ್ಟೆ ಹಿಂಡುತ್ತಾನೆ. ತುತ್ತತುದಿಯಲ್ಲಿ ಹಾಕಿದವನಿಗೆ ಗಾಳಿಯ ಕಾಟ. ಗುಡ್ಡದ ಸೊಂಟದಲ್ಲಿ, ಇಳಿಜಾರಿನ ಮೇಲೊಂದು ಹಾಸು ನೆಲ ಸಿಕ್ಕರೆ ಬಿಡಬೇಡಿ.

ಚಳಿಯ ಜೊತೆಗೇ ಬರುವ ಇನ್ನೊಂದು ನಂಬಿಕೆ ಪ್ರಾಣಕ್ಕೇ ಎರವು: "ಕೆಂಡಕ್ಕೆ ಹೊಗೆ ಇಲ್ಲ, ಟೆಂಟಿನೊಳಗೆ ಇಟ್ಟುಕೊಂಡರೇನು?" ಹೊಗೆ ಕಾಣದಿದ್ದರೂ ಇದ್ದಿಲು ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯೂ ಇಲ್ಲ. ಮಲಗಿದವರು ಏಳುವುದಿಲ್ಲ.

"ಸರ್ಕಾರಿ ಅಡವಿ, ಯಾರಪ್ಪನ ಗಂಟು?"

ಗುಡ್ಡವೂ ನೀರೂ ಒಟ್ಟಿಗೆ ಇರುವ, ನಮಗೆ ಕೈಗೆಟುಕುವ ಜಾಗವೆಂದರೆ ಗಡಿಯಾಚೆಯ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ. ಕಾಡಿನ ಗುಡ್ಡಗಳ ನಡುವೆ ಹಳ್ಳ ತಡೆದು ಕಟ್ಟಿದ ಜಲಾಶಯ, ಹತ್ತಿರದಲ್ಲೇ ಗೊಟ್ಟಂಗೊಟ್ಟ, ಮಳೆಗಾಲದಲ್ಲಿ ಎತ್ತಿಪೋತ ಜಲಪಾತ. (ಜಲಪಾತ ಮಳೆಗಾಲದ್ದು. ಮಾರ್ಚಿನಲ್ಲಿ ಹೋಗಿ ಬರೀ ಬಂಡೆ ನೋಡಿ ಬೈಯಬೇಡಿ.) ಸಾಗುವಾನಿ, ಶ್ರೀಗಂಧ, ರಕ್ತಚಂದನದ ಈ ಕಾಡನ್ನು 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮವೆಂದು ಘೋಷಿಸಿದರು, ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ, ಕೊಂಡುಕುರಿ ಇರುವ ಒಣ ಕಾಡು.

ಧಾಮವೆಂದ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಲಾಗೂ. ಅನುಮತಿಯಿಲ್ಲದೆ ಒಳಗೆ ಹೋಗುವುದೇ ಅಪರಾಧ, ಉಳಿಯುವುದು ದೂರದ ಮಾತು. ಬೆಂಕಿ ಹಚ್ಚುವುದು ಬೇರೆಯೇ ಅಪರಾಧ. ಜಹೀರಾಬಾದ್ ಕಡೆಯಿಂದ ನಡೆದು ಹತ್ತಿದವನಿಗೆ ಎಲ್ಲಿ ತೆಲಂಗಾಣ ಮುಗಿಯಿತು, ಎಲ್ಲಿ ಕರ್ನಾಟಕ ಶುರುವಾಯಿತು ಎಂಬುದು ಕಾಲಡಿ ಕಾಣಿಸುವುದಿಲ್ಲ, ಕಾಯ್ದೆಗೆ ಕಾಣಿಸುತ್ತದೆ. ಅನುಮತಿ ಕೇಳಬೇಕಾದದ್ದು ಕರ್ನಾಟಕದ ಅರಣ್ಯ ಇಲಾಖೆಯನ್ನು. ವಿಕಾರಾಬಾದಿನ ಅನಂತಗಿರಿಗೆ, ಅಂದರೆ ಮೂಸಿ ನದಿಯ ಮೂಲವೂ ಅನಂತಪದ್ಮನಾಭನ ಗುಡಿಯೂ ಇರುವ ಕಾಡಿಗೆ ಹೋಗುವವರು ತೆಲಂಗಾಣದ ಇಲಾಖೆಯನ್ನು ಕೇಳಬೇಕು. ಇಲಾಖೆ ತೋರಿಸಿದ ಜಾಗವೇ ಉತ್ತಮ ಎಂದು ನನ್ನ ಮತ. ಕಾಯ್ದೆಗೆ ಹೆದರಿ ಹೇಳುವ ಮಾತಲ್ಲ ಇದು. ಹೆಜ್ಜೇನು ಎಲ್ಲಿ ಕಟ್ಟಿದೆ, ಪ್ರಾಣಿಗಳು ನೀರಿಗೆ ಇಳಿಯುವ ದಾರಿ ಯಾವುದು ಎಂಬುದು ಆ ಕಾವಲುಗಾರರಿಗೆ ಗೊತ್ತು. ಹೆಜ್ಜೇನಿನ ತೊಟ್ಟಿಯ ಕೆಳಗೆ ಒಲೆ ಹೂಡಿದವರ ಪಾಡು ಹೇಳಬೇಕಿಲ್ಲ.

"ನಗರಕ್ಕ ಕುಡಿಯಾಕ ಹೋಗೂ ನೀರು, ಶುದ್ಧನ ಇರ್ತದ"

ಮಂಜೀರಾ ನೀರು ಹೈದರಾಬಾದಿಗೆ ಹೋಗುವುದು ಶುದ್ಧೀಕರಿಸಿದ ಮೇಲೆ. ಜಲಾಶಯದಲ್ಲಿ ಇರುವುದು ಹೊಲದ ಗೊಬ್ಬರ, ದನದ ಸಗಣಿ ಎಲ್ಲ ತೊಳೆದು ಬಂದ ನೀರು. ಕುದಿಸಿ, ಇಲ್ಲವೇ ಮನೆಯಿಂದ ಒಯ್ಯಿರಿ.

"ಮಳಿ ಬಂದರ ಮರದ ಕೆಳಗ ಹೋಗೋಣ"

ಮುಂಗಾರಿಗೆ ಮುಂಚಿನ ಗುಡುಗು ಮಳೆ ನಮ್ಮ ಕಡೆ ಪ್ರತಿ ವರ್ಷ ಹೊಲದ ಮರದಡಿ ನಿಂತವರನ್ನೇ ಬಲಿ ತೆಗೆದುಕೊಳ್ಳುತ್ತದೆ. ಬಯಲಲ್ಲಿ ಒಂಟಿಯಾಗಿ ನಿಂತ ಮರ, ಗುಡ್ಡದ ನೆತ್ತಿ, ನೀರಿನ ಅಂಚು, ಮೂರೂ ಸಿಡಿಲಿಗೆ ಒಡ್ಡಿಕೊಂಡ ಜಾಗಗಳು. ಟೆಂಟ್ ಮಳೆ ತಡೆದೀತು, ಸಿಡಿಲನ್ನಲ್ಲ. ಕಾರು ಕಬ್ಬಿಣದ್ದು, ಸಿಡಿಲು ಎಳೆಯುತ್ತದೆ ಎಂದು ಇಳಿದು ಓಡುವವರಿದ್ದಾರೆ. ಅದು ತಲೆಕೆಳಗಾದ ತಿಳಿವಳಿಕೆ. ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ. ಗಾಜು ಏರಿಸಿ ಒಳಗೇ ಕೂರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

"ಬೆಳ್ಳುಳ್ಳಿ ನೀರು ಚಿಮುಕಿಸಿದರ ಹಾವು ಬರಂಗಿಲ್ಲ"

ಬೆಳ್ಳುಳ್ಳಿ, ಉಪ್ಪು, ಫಿನಾಯಿಲ್, ಗಂಧಕ, ಯಾವುದೂ ಹಾವನ್ನು ತಡೆಯುವುದಿಲ್ಲ. ತಡೆಯುವುದು ಪೂರಾ ಎಳೆದ ಜಿಪ್ಪು, ನೆಲದಿಂದ ಎತ್ತರಿಸಿದ ಹಾಸಿಗೆ, ಕೈಯಲ್ಲಿ ಬ್ಯಾಟರಿ. ಕಲ್ಲುಗುಪ್ಪೆ, ಇಲಿ ಬಿಲ, ಹುತ್ತ ಇರುವ ಜಾಗ ಬಿಡಿ. ಕಟ್ಟುಹಾವು ನೆಲದಲ್ಲಿ ಮಲಗಿದವರನ್ನು ಇರುಳಲ್ಲಿ ಕಚ್ಚುತ್ತದೆ. ನೋವು ಇಲ್ಲದಷ್ಟು ಸಣ್ಣ ಗಾಯ, ಹಲವು ಗಂಟೆಗಳ ನಂತರ ರೆಪ್ಪೆ ಜೋಲುತ್ತದೆ, ಉಸಿರು ಕಟ್ಟುತ್ತದೆ. ಬಿಗಿದು ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು, ಎಲ್ಲವೂ ಹೊತ್ತು ಕಳೆಯುವ ಕೆಲಸ. ಔಷಧಿ ಒಂದೇ, ವಿಷನಿರೋಧಕ ಇಂಜೆಕ್ಷನ್. ಅದು ಸಿಗುವುದು ಆಸ್ಪತ್ರೆಯಲ್ಲಿ.

ಹಾಗಾಗಿ ಜಾಗ ಮೆಚ್ಚಿದ ಮೇಲೆ, ಗೂಟ ಹೊಡೆಯುವ ಮೊದಲು, ಎರಡು ಕೆಲಸ ಮಾಡಿ. ಮೊಬೈಲ್ ತೆಗೆದು ಸಿಗ್ನಲ್ ಇದೆಯೇ ನೋಡಿ. ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಚಿಂಚೋಳಿ ಇವುಗಳಲ್ಲಿ ಯಾವ ಊರಿನ ಸರ್ಕಾರಿ ಆಸ್ಪತ್ರೆ ಅಲ್ಲಿಂದ ಬೇಗ ಸಿಗುತ್ತದೆ, ಕತ್ತಲಲ್ಲಿ ಆ ದಾರಿಗೆ ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿ. ಒಂದು ಗಂಟೆಗಿಂತ ಹೆಚ್ಚಾದರೆ ಹಗಲು ಕಳೆದು ಮನೆಗೆ ಬನ್ನಿ. ಗಡಿಯ ಎರಡೂ ಕಡೆ ಆಂಬುಲೆನ್ಸಿನ ನಂಬರ್ 108.