ಜೇನುಪೆಟ್ಟಿಗೆಯ ರಚನೆ ಮತ್ತು ಸಿದ್ಧತೆ

ಜೇನುತುಪ್ಪದ ಸವಿಯನ್ನು ಮಾನವನು ಪುರಾತನ ಕಾಲದಿಂದಲೂ ಬಲ್ಲನು. ಆದರೆ ಬಹುಕಾಲ ಅವನು ಅದನ್ನು ಪಡೆದುದು ಸಾಕಣೆಯಿಂದಲ್ಲ, ಸೂರೆಯಿಂದ. ಹೊಗೆಯಿಕ್ಕಿ, ಎರಿಗಳನ್ನು ಕಿತ್ತು ಹಿಂಡಿದಾಗ ತುಪ್ಪದೊಡನೆ ಮೊಟ್ಟೆಮರಿಗಳೂ ನಾಶವಾಗುತ್ತಿದ್ದವು. ಒಂದು ಸಂಸಾರವನ್ನು ಹಾಳುಗೆಡವದೆ ಅದರ ಸಂಗ್ರಹದಲ್ಲಿ ಪಾಲು ಪಡೆಯುವುದು ಹೇಗೆ? ಈ ಪ್ರಶ್ನೆಗೆ ದೊರೆತ ಉತ್ತರವೇ ಬಿಡಿಚೌಕಟ್ಟುಗಳುಳ್ಳ ಮರದ ಪೆಟ್ಟಿಗೆ.

ಜೇನ್ನೊಣಗಳು ತಮ್ಮ ಓಡಾಟಕ್ಕೆಂದು ನಿಯತವಾದ ತೆರಪೊಂದನ್ನು ಬಿಟ್ಟುಕೊಳ್ಳುತ್ತವೆ. ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಇದರ ಮಹತ್ವವನ್ನು ಅರಿತು ಪೆಟ್ಟಿಗೆಯ ರಚನೆಗೆ ಅಳವಡಿಸಿದನು. ಐರೋಪ್ಯ ಜೇನಿಗೆ ಈ ತೆರಪು ಸುಮಾರು 9 ಮಿ.ಮೀ. ಅದಕ್ಕಿಂತ ಕಿರಿದಾದ ಸಂದನ್ನು ನೊಣಗಳು ಅಂಟಿನಿಂದ ಮುಚ್ಚುತ್ತವೆ. ಹಿರಿದಾದುದರಲ್ಲಿ ಎರಿ ಕಟ್ಟುತ್ತವೆ. ತೆರಪು ಸರಿಯಾಗಿದ್ದರೆ ಚೌಕಟ್ಟುಗಳು ಗೋಡೆಗೆ ಕೂಡಿಕೊಳ್ಳದೆ, ಗ್ರಂಥಾಲಯದ ಕಪಾಟಿನ ಪುಸ್ತಕಗಳಂತೆ ಒಂದೊಂದಾಗಿ ಹೊರಬರುತ್ತವೆ.

ನಮ್ಮ ಹೆಜ್ಜೇನು ಬಯಲಿನಲ್ಲಿ ಒಂದೇ ಎರಿ ಕಟ್ಟುವುದರಿಂದ ಪೆಟ್ಟಿಗೆಗೆ ಒಗ್ಗದು. ಪೊಟರೆ, ಹುತ್ತಗಳ ಕತ್ತಲೆಯಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆ ಜೇನು ಒಗ್ಗುತ್ತದೆ. ಐರೋಪ್ಯ ಜೇನಿಗಿಂತ ಅದು ಗಾತ್ರದಲ್ಲಿ ಕಿರಿದು. ಆದುದರಿಂದ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ದಕ್ಷಿಣ ಭಾರತದಲ್ಲಿ ಫಾದರ್ ನ್ಯೂಟನ್ ಅವರು ಏಳು ಚೌಕಟ್ಟುಗಳ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದರು.

ಈ ಪೆಟ್ಟಿಗೆಯಲ್ಲಿ ಕೆಳಗಿನಿಂದ ಮೇಲಕ್ಕೆ ಅಡಿಹಲಗೆ, ಸಂಸಾರಕೋಣೆ, ಅದಕ್ಕಿಂತ ಗಿಡ್ಡನೆಯ ಜೇನುಕೋಣೆ ಮತ್ತು ಮುಚ್ಚಳಗಳಿರುತ್ತವೆ. ರಾಣಿಯ ಮೊಟ್ಟೆಮರಿಗಳು ಕೆಳಗಿನ ಕೋಣೆಯಲ್ಲಿ ಬೆಳೆಯುತ್ತವೆ. ಹೆಚ್ಚುವರಿ ತುಪ್ಪ ಮೇಲಿನದರಲ್ಲಿ ಶೇಖರವಾಗುತ್ತದೆ. ಸಾಕುವವನು ಮುಟ್ಟಬೇಕಾದುದು ಮೇಲಿನ ಪಾಲನ್ನು ಮಾತ್ರ.

ಮರವು ಚೆನ್ನಾಗಿ ಒಣಗಿರಬೇಕು. ಹಸಿಮರ ಮುಂದೆ ಬಾಗಿ ಅಳತೆ ಕೆಡಿಸುತ್ತದೆ. ಗಾಢ ವಾಸನೆಯ ಮರ ಸಲ್ಲದು. ಎದುರುಬದುರಾದ ಎರಡು ಗೋಡೆಗಳ ಒಳ ಅಂಚಿನಲ್ಲಿ ತೋಡು ತೆಗೆದು ಚೌಕಟ್ಟುಗಳ ಮೇಲ್ಪಟ್ಟಿಗಳನ್ನು ಅಲ್ಲಿ ತೂಗುಹಾಕಬೇಕು. ಒಂದು ಎರಿಯ ನಡುವಿನಿಂದ ಮತ್ತೊಂದರ ನಡುವಿಗೆ ಸುಮಾರು 3 ಸೆಂ.ಮೀ. ಅಂತರವಿರಲಿ. ಚೌಕಟ್ಟಿಗೂ ಗೋಡೆಗೂ ನಡುವೆ 7ರಿಂದ 9 ಮಿ.ಮೀ. ತೆರಪು ಇರಬೇಕು. ಬಡಗಿಯ ಕೈ ಇಲ್ಲಿ ತಪ್ಪಿದರೆ ಎರಿಗಳು ಅಡ್ಡಾದಿಡ್ಡಿಯಾಗಿ ಬೆಳೆದು, ಪೆಟ್ಟಿಗೆ ತೆರೆದಾಗಲೆಲ್ಲ ಹರಿಯುತ್ತವೆ. ತುಡುವೆಯಾದರೋ ಬೇಸರಗೊಂಡರೆ ಗೂಡನ್ನೇ ತೊರೆದು ಹಾರಿಹೋಗುವ ಜಾತಿ.

ಬಣ್ಣವನ್ನು ಹೊರಮೈಗೆ ಮಾತ್ರ ಬಳಿದು, ವಾಸನೆ ಅಡಗುವವರೆಗೆ ಗಾಳಿಗಿಡಬೇಕು. ಮೇಲ್ಪಟ್ಟಿಗಳ ಕೆಳಗೆ ಕರಗಿಸಿದ ಜೇನುಮೇಣದ ಗೆರೆಯೆಳೆದರೆ ನೊಣಗಳು ಅದೇ ಜಾಡಿನಲ್ಲಿ ಎರಿಯನ್ನು ಇಳಿಸುತ್ತವೆ. ಪೆಟ್ಟಿಗೆಯನ್ನು ನೆರಳಿನಲ್ಲಿ ಪೀಠದ ಮೇಲಿರಿಸಿ, ಪೀಠದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದರೆ ಇರುವೆಗಳು ಏರಲಾರವು.

ಹಳೆಯ ಪೆಟ್ಟಿಗೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತದ ತುಡುವೆ ಸಂಸಾರಗಳಲ್ಲಿ ಬಹುಪಾಲನ್ನು ನಾಶಗೊಳಿಸಿತು. ರೋಗ ತಗುಲಿದ ಗೂಡಿನ ಎರಿಗಳನ್ನು ಮತ್ತೆ ಬಳಸಲಾಗದು. ಹಳೆಯ ಮರವನ್ನು ಕೆರೆದು, ತೊಳೆದು, ಬಿಸಿಲಿಗೊಡ್ಡಿದ ಬಳಿಕವೇ ಹೊಸ ಸಂಸಾರವನ್ನು ಇರಿಸುವುದು ಲೇಸು.

ಹೀಗೆ ಜೇನುಪೆಟ್ಟಿಗೆಯನ್ನು ಕಟ್ಟುವ ಕೈ ಮನುಷ್ಯನದಾದರೂ ಅದರ ಅಳತೆ ನೊಣದ್ದು. ಆ ಅಳತೆಯನ್ನು ಗೌರವಿಸಿದವನಿಗೆ ಜೇನು ವರ್ಷವರ್ಷವೂ ಪಾಲು ಕೊಡುತ್ತದೆ.