ಔಷಧಸಂಯೋಗದ ಪರೀಕ್ಷೆ

ಎರಡು ದ್ರವ್ಯಗಳ ಗುಣಗಳನ್ನು ಪ್ರತ್ಯೇಕವಾಗಿ ಬಲ್ಲವನು ಅವುಗಳ ಸಂಯೋಗದ ಗುಣವನ್ನೂ ಬಲ್ಲನೆಂದು ಹೇಳಲಾಗದು. ಚರಕಸಂಹಿತೆಯ ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಈ ವಿಚಾರವು ಬಂದಿದೆ. ಕೆಲವು ಸಂಯೋಗಗಳಲ್ಲಿ ಸಮುದಾಯದ ಪ್ರಭಾವವನ್ನು ಅವಯವಗಳಿಂದ ಊಹಿಸಬಹುದು. 'ವಿಕೃತಿವಿಷಮಸಮವೇತ'ವಾದವುಗಳಲ್ಲಿ ಸಮುದಾಯವನ್ನೇ ಪರೀಕ್ಷಿಸಬೇಕು. ಈ ನ್ಯಾಯವು ಇಂದಿನ ವೈದ್ಯದಲ್ಲಿಯೂ ಸಲ್ಲುವುದೆಂಬುದನ್ನು ಒಂದು ವಿರಳವ್ಯಾಧಿಯ ನಿದರ್ಶನದಿಂದ ತೋರಿಸುವುದು ಈ ಲೇಖನದ ಉದ್ದೇಶ.

'ಇಮ್ಯೂನ್ ತ್ರಾಂಬೊಸೈಟೊಪೀನಿಯಾ' ಎಂಬ ವ್ಯಾಧಿಯಲ್ಲಿ, ಹೊರಗಿನ ರೋಗಬೀಜಗಳಿಂದ ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ರಕ್ತವು ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳನ್ನು ನಾಶಪಡಿಸುತ್ತದೆ. ಸ್ವಸ್ಥರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು ೧,೫೦,೦೦೦ದಿಂದ ೪,೫೦,೦೦೦ದ ವರೆಗೆ ಇರುವ ಈ ಕಣಗಳು ಇಲ್ಲಿ ೧,೦೦,೦೦೦ಕ್ಕಿಂತ ಕೆಳಗಿಳಿಯುತ್ತವೆ. ಬಹಳ ಕುಗ್ಗಿದಲ್ಲಿ ಚರ್ಮದ ಮೇಲೆ ಕೆಂಪು ಚುಕ್ಕೆಗಳೂ ಒಸಡು ಮೂಗುಗಳಿಂದ ರಕ್ತಸ್ರಾವವೂ ಕಾಣುವುವು. ೧೯೫೦ರಲ್ಲಿ ಅಮೆರಿಕೆಯ ಸೇಂಟ್ ಲೂಯಿಸಿನಲ್ಲಿ ಹ್ಯಾರಿಂಗ್ಟನ್ ಎಂಬ ವೈದ್ಯನು ರೋಗಿಯ ರಕ್ತವನ್ನು ತನ್ನ ದೇಹಕ್ಕೆ ಏರಿಸಿಕೊಂಡನು; ಕೆಲವೇ ಗಂಟೆಗಳಲ್ಲಿ ಅವನ ಕಣಗಳೂ ಕುಸಿದುವು. ಕಣಗಳನ್ನು ಕೆಡಿಸುವ ದ್ರವ್ಯವು ರೋಗಿಯ ರಕ್ತದಲ್ಲಿಯೇ ಇರುವುದೆಂದು ಹೀಗೆ ಸಿದ್ಧವಾಯಿತು.

ಇದಕ್ಕೆ ಮೊದಲು ಕೊಡುವ ಔಷಧವು ಕಾರ್ಟಿಕೊಸ್ಟೆರಾಯ್ಡ್ ವರ್ಗದ್ದು. ಬಹುಜನರಲ್ಲಿ ಇದು ಕಣಗಳನ್ನು ಏರಿಸುವುದಾದರೂ, ಪ್ರಮಾಣವನ್ನು ತಗ್ಗಿಸಿದಂತೆ ಅನೇಕರಲ್ಲಿ ರೋಗವು ಮರುಕಳಿಸುತ್ತದೆ. ಆದುದರಿಂದ ರಕ್ಷಣಾಶಕ್ತಿಯ ಉದ್ರೇಕವನ್ನು ಶಮನಗೊಳಿಸುವ ಮೈಕೊಫಿನೊಲೇಟ್ ಎಂಬ ಔಷಧವನ್ನು ಆರಂಭದಲ್ಲಿಯೇ ಕೂಡಿಸಿದರೆ ಹೇಗೆಂದು ಬ್ರಿಟನ್ನಿನ ವೈದ್ಯರು ಪರೀಕ್ಷಿಸಿದರು. 'ಫ್ಲೈಟ್' ಎಂಬ ಈ ಪರೀಕ್ಷೆಯ ಫಲವು ೨೦೨೧ರಲ್ಲಿ ಪ್ರಕಟವಾಯಿತು. ೧೨೦ ರೋಗಿಗಳನ್ನು, ಯಾರ ಇಚ್ಛೆಗೂ ಎಡೆಗೊಡದೆ, ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಲಾಗಿತ್ತು. ಕಣಗಳು ೩೦,೦೦೦ಕ್ಕಿಂತ ಇಳಿದು ಬೇರೆ ಚಿಕಿತ್ಸೆ ಬೇಕಾಗುವುದನ್ನೇ ವೈಫಲ್ಯವೆಂದು ಗೊತ್ತುಮಾಡಿದ್ದರು. ಸ್ಟೆರಾಯ್ಡ್ ಒಂದನ್ನೇ ಪಡೆದ ೬೧ ಮಂದಿಯಲ್ಲಿ ೨೭ ಮಂದಿಗೆ ಚಿಕಿತ್ಸೆ ವಿಫಲವಾಯಿತು; ಸಂಯೋಗವನ್ನು ಪಡೆದ ೫೯ ಮಂದಿಯಲ್ಲಿ ೧೩ ಮಂದಿಗೆ ಮಾತ್ರ.

ವೈಫಲ್ಯವು ಅರ್ಧಕ್ಕಿಳಿಯಿತಾಗಿ, ಸಂಯೋಗವೇ ಶ್ರೇಷ್ಠವೆಂದು ಇಷ್ಟರಿಂದಲೇ ಸಿದ್ಧಾಂತಮಾಡಬಹುದೆಂದು ತೋರುತ್ತದೆ. ಆದರೆ ಪರೀಕ್ಷಕರು ರೋಗಿಗಳ ಅನುಭವವನ್ನೂ ಪ್ರಶ್ನಾವಳಿಯಿಂದ ವಿಚಾರಿಸಿದ್ದರು. ಸಂಯೋಗವನ್ನು ಪಡೆದವರೇ ಹೆಚ್ಚು ಆಯಾಸವನ್ನೂ ದೈಹಿಕವ್ಯಾಪಾರಗಳಲ್ಲಿ ಹೆಚ್ಚು ಕುಂದನ್ನೂ ತಿಳಿಸಿದರು. ರಕ್ತಸ್ರಾವದ ವಿಷಯದಲ್ಲಿ ಎರಡು ಪಂಗಡಗಳಿಗೂ ಭೇದವು ಕಂಡುಬರಲಿಲ್ಲ.

ಕಣಗಳ ಎಣಿಕೆ ವೈದ್ಯನಿಗೆ ಗೋಚರವಾದುದು. ಆಯಾಸವು ರೋಗಿಯೊಬ್ಬನಿಗೇ ಗೋಚರವಾದುದು. ಇವೆರಡರಲ್ಲಿ ಒಂದನ್ನು ಬಿಟ್ಟರೂ ಸಂಯೋಗದ ಪರೀಕ್ಷೆ ಅಪೂರ್ಣವೇ ಸರಿ. ಎಣಿಕೆ ಏರಿತಾದುದರಿಂದ ರೋಗಿಯೂ ಸುಖಿಯಾದನೆಂಬ ಅನುಮಾನಕ್ಕೆ ವ್ಯಾಪ್ತಿಯೇ ಇಲ್ಲ. ಆದುದರಿಂದ ಎರಡು ಫಲಗಳನ್ನೂ ರೋಗಿಯ ಮುಂದಿಟ್ಟು, ಗ್ರಾಹ್ಯವಾವುದೆಂಬುದನ್ನು ಅವನೊಡನೆಯೇ ನಿರ್ಣಯಿಸತಕ್ಕದ್ದು.